ಕೊರಳಪಟ್ಟಿ ತೊಟ್ಟ ಕೋಶಗಳು: ಪ್ರಾಣಿಕುಲದ ಏಕಕೋಶ ದಾಯಾದಿಗಳ ಮೈಕಟ್ಟು

ಆನೆಯಿಂದ ಹಿಡಿದು ಕಡಲ ತಳದ ಸ್ಪಂಜಿನವರೆಗೆ ಎಲ್ಲ ಪ್ರಾಣಿಗಳನ್ನೂ ಒಂದೇ ಮನೆತನವೆಂದು ಎಣಿಸಿದರೆ, ಆ ಮನೆತನದ ದಾಯಾದಿಗಳು ಯಾರು? ಗಿಡಮರಗಳು ಬಹಳ ದೂರದವು. ಅಣಬೆ, ಬೂಷ್ಟುಗಳ ಶಿಲೀಂಧ್ರಕುಲ ಅವಕ್ಕಿಂತ ಹತ್ತಿರ. ಅದಕ್ಕಿಂತಲೂ ಹತ್ತಿರದ, ಪಕ್ಕದ ಮನೆಯವು ಎನ್ನಬಹುದಾದ ಜೀವಿಗಳು ಬರಿಗಣ್ಣಿಗೆ ಕಾಣುವುದೇ ಇಲ್ಲ. ಕೆರೆಯಲ್ಲಿ, ಕಡಲಿನಲ್ಲಿ, ಬಸವನಹುಳುವಿನ ಮೈಯೊಳಗೆ, ಮೀನಿನ ಅಂಗಾಂಶದಲ್ಲಿ ಬದುಕುವ ಈ ಏಕಕೋಶ ಜೀವಿಗಳು ನಾಲ್ಕು ಗುಂಪುಗಳಲ್ಲಿವೆ. ಎಲ್ಲಕ್ಕಿಂತ ಹತ್ತಿರದ್ದು ಕೋಯನೋಫ್ಲ್ಯಾಜೆಲೇಟ್. ಅದರ ಆಚೆಗೆ ಫಿಲಾಸ್ಟೀರಿಯ. ಇನ್ನೂ ಆಚೆಗೆ ಇಕ್ತಿಯೋಸ್ಪೋರಿಯ ಮತ್ತು ಕೊರಲೋಕೈಟ್ರಿಯಮ್ ಬಳಗ. ಹೆಸರುಗಳು ನಾಲಗೆಗೆ ಒಗ್ಗಲು ಸ್ವಲ್ಪ ಹೊತ್ತು ಬೇಕು, ಆದರೆ ಇವುಗಳ ಮೈಕಟ್ಟನ್ನು ಬಲ್ಲವರಿಗೆ ನಮ್ಮ ಕರುಳು, ಕಿವಿ, ವೀರ್ಯಾಣು, ಭ್ರೂಣ ಎಲ್ಲವೂ ಹೊಸ ಬೆಳಕಿನಲ್ಲಿ ಕಾಣುತ್ತವೆ.

ಪ್ರಶ್ನೆ ಇಷ್ಟು: 60 ಕೋಟಿ ವರ್ಷಗಳಿಗೂ ಹಿಂದೆ ಯಾವ ಬಗೆಯ ಕೋಶದಿಂದ ಪ್ರಾಣಿಗಳು ಹುಟ್ಟಿದವು? ನೂರೈವತ್ತು ವರ್ಷಗಳಿಂದ ಇದಕ್ಕೆ ಒಂದು ಸಿದ್ಧ ಉತ್ತರವಿದೆ, ಪಠ್ಯಪುಸ್ತಕಗಳಲ್ಲಿ ಅದೇ ಚಿತ್ರ ಮತ್ತೆ ಮತ್ತೆ ಅಚ್ಚಾಗುತ್ತದೆ. ಆ ಉತ್ತರ ಸುಳ್ಳಲ್ಲ. ಆದರೆ ಕಳೆದ ಎರಡು ದಶಕಗಳ ಕೆಲಸವನ್ನು ಒಟ್ಟಿಗೆ ಇಟ್ಟು ನೋಡಿದರೆ ಅದು ಸಾಲದು ಎಂಬುದು ನನ್ನ ಅಭಿಪ್ರಾಯ. ಯಾಕೆ ಸಾಲದು ಎಂದು ಹೇಳುವ ಮುನ್ನ ಆ ಸಿದ್ಧ ಉತ್ತರದ ನಾಯಕನನ್ನು ಹತ್ತಿರದಿಂದ ನೋಡಬೇಕು.

ಕೋಯನೋಫ್ಲ್ಯಾಜೆಲೇಟಿನ ದೇಹ ಸಾಮಾನ್ಯವಾಗಿ 3ರಿಂದ 10 ಮೈಕ್ರೋಮೀಟರ್, ಹೆಚ್ಚುಕಡಿಮೆ ನಮ್ಮ ಕೆಂಪು ರಕ್ತಕಣದಷ್ಟು. ಮೊಟ್ಟೆಯಾಕಾರದ ಕೋಶದ ನೆತ್ತಿಯಿಂದ ಒಂದೇ ಒಂದು ಕಶಾಂಗ, ಅಂದರೆ ಚಾವಟಿಯಂಥ ಉದ್ದನೆಯ ಎಳೆ, ಮೇಲೆದ್ದಿರುತ್ತದೆ. ಅದರ ಸುತ್ತ ಸುಮಾರು ಮೂವತ್ತು ನಲವತ್ತು ಸಣ್ಣ ಕಡ್ಡಿಗಳು ಬಿದಿರು ಬುಟ್ಟಿಯ ಸೀಳುಗಳಂತೆ ವೃತ್ತಾಕಾರವಾಗಿ ನಿಂತಿರುತ್ತವೆ. ಇದೇ ಕೊರಳಪಟ್ಟಿ. ಕಡ್ಡಿ ಒಂದೊಂದೂ ಒಂದು ಮೈಕ್ರೋವಿಲ್ಲಸ್: ಒಳಗೆ ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳ ಕಂತೆ, ಹೊರಗೆ ಕೋಶಪೊರೆಯ ಹೊದಿಕೆ. ಕಡ್ಡಿಗಳು ಅಗಲವಾಗಿ ಚೆದುರದಂತೆ ಸಕ್ಕರೆ ಅಂಶವುಳ್ಳ ತೆಳು ಜಾಲ ಅವನ್ನು ಹಿಡಿದಿಟ್ಟಿರುತ್ತದೆ. ಕಶಾಂಗ ಬಡಿದಾಗ ನೀರು ಕೋಶದಿಂದ ದೂರಕ್ಕೆ ತಳ್ಳಲ್ಪಡುತ್ತದೆ. ತೆರವಾದ ಜಾಗಕ್ಕೆ ಬದಿಗಳಿಂದ ನೀರು ನುಗ್ಗಿ ಕೊರಳಪಟ್ಟಿಯ ಸಂದುಗಳಲ್ಲಿ ಹಾಯುತ್ತದೆ. ನೀರಿನೊಂದಿಗೆ ಬಂದ ಬ್ಯಾಕ್ಟೀರಿಯಾ ಹೊರಮೈಗೆ ಅಂಟುತ್ತವೆ. ಅವು ಮೆಲ್ಲಗೆ ಕಡ್ಡಿಗಳ ಬುಡಕ್ಕೆ ಜಾರುತ್ತವೆ, ಅಲ್ಲಿ ಕೋಶಪೊರೆ ಚಾಚಿ ಬಂದು ಅವನ್ನು ಒಳಕ್ಕೆ ನುಂಗುತ್ತದೆ. ಒಂದೇ ಉಪಕರಣದಿಂದ ಈಜು, ಸೋಸು, ಊಟ ಮೂರೂ ನಡೆಯುತ್ತವೆ.

ಕೇಳಲು ಸರಳ. ಆದರೆ 2017ರಲ್ಲಿ ಡೆನ್ಮಾರ್ಕಿನ ಸಂಶೋಧಕರು ಡಯಾಫನೀಕ ಗ್ರಾಂಡಿಸ್ ಎಂಬ ಕಡಲ ಪ್ರಭೇದದ ಸುತ್ತಲಿನ ನೀರಿನ ಹರಿವನ್ನು ಅಳೆದು, ಗಣಿತದ ಮಾದರಿಯೊಂದಿಗೆ ಹೋಲಿಸಿದಾಗ ಲೆಕ್ಕ ತಾಳೆಯಾಗಲಿಲ್ಲ. ಬರಿಯ ದಾರದಂಥ ಕಶಾಂಗ ಬಡಿದರೆ ಅಷ್ಟು ನೀರು ಸಂದುಗಳಲ್ಲಿ ಹಾಯುವುದಿಲ್ಲ. ಕಶಾಂಗದ ಎರಡು ಬದಿಗೆ ತೆಳು ರೆಕ್ಕೆಯಂಥ ಪಟ್ಟಿ ಇದೆಯೆಂದು ಇಟ್ಟುಕೊಂಡಾಗ ಮಾತ್ರ ಲೆಕ್ಕ ಕೂಡಿಬಂತು. ಅಂಥ ಪಟ್ಟಿ ಕೆಲವು ಕೋಯನೋಫ್ಲ್ಯಾಜೆಲೇಟುಗಳಲ್ಲೂ ಸ್ಪಂಜುಗಳಲ್ಲೂ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಕಂಡಿದೆ. ಬಲು ನಾಜೂಕಾದ ಅದು ಮಾದರಿಯನ್ನು ಸಿದ್ಧಪಡಿಸುವಾಗಲೇ ಹರಿದುಹೋಗಬಲ್ಲದು. ಕೋಶದ ರಚನೆಯ ಅಧ್ಯಯನದಲ್ಲಿ ಕಾಣದ್ದನ್ನೆಲ್ಲ ಇಲ್ಲವೆಂದು ಬರೆಯಬಾರದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಗೊತ್ತಿಲ್ಲ.

ಇನ್ನು ಒಳಾಂಗಣ. ಕಶಾಂಗದ ಬುಡದಲ್ಲಿ ಆಧಾರಕಾಯ, ಅದಕ್ಕೆ ಅಡ್ಡವಾಗಿ ಕಶಾಂಗವಿಲ್ಲದ ಇನ್ನೊಂದು ಆಧಾರಕಾಯ. ಅಲ್ಲಿಂದ ಸೂಕ್ಷ್ಮನಾಳಿಕೆಗಳು ಕೊಡೆಯ ಕಡ್ಡಿಗಳಂತೆ ಎಲ್ಲ ದಿಕ್ಕಿಗೂ ಹರಡಿ ಕೋಶದ ಭುಜಗಳಿಗೆ ಆಧಾರ ಕೊಡುತ್ತವೆ. ಅದರ ಕೆಳಗೆ ಗಾಲ್ಜಿ, ಗಾಲ್ಜಿಯ ಕೆಳಗೆ ಕೋಶಕೇಂದ್ರ, ಇನ್ನೂ ಕೆಳಗೆ ಜೀರ್ಣವಾಗುತ್ತಿರುವ ಬ್ಯಾಕ್ಟೀರಿಯಾ ತುಂಬಿದ ಆಹಾರ ರಸದಾನಿಗಳು. ಮೈಟೊಕಾಂಡ್ರಿಯದ ಒಳಮಡಿಕೆಗಳು ನಮ್ಮ ಕೋಶಗಳಲ್ಲಿರುವಂತೆ ಚಪ್ಪಟೆ. ಸಿಹಿನೀರಿನ ಪ್ರಭೇದಗಳಲ್ಲಿ ಒಳನುಗ್ಗಿದ ನೀರನ್ನು ಹೊರಹಾಕಲು ಸಂಕೋಚನ ರಸದಾನಿಯೂ ಇರುತ್ತದೆ. ಈಜುವಾಗ ಕಶಾಂಗ ಹಿಂದೆ ಇದ್ದು ಕೋಶವನ್ನು ಮುಂದಕ್ಕೆ ತಳ್ಳುತ್ತದೆ. ನಮ್ಮ ವೀರ್ಯಾಣು ಈಜುವುದೂ ಹೀಗೆಯೇ. ಪ್ರಾಣಿ, ಶಿಲೀಂಧ್ರ ಮತ್ತು ಅವುಗಳ ಏಕಕೋಶ ನೆಂಟರನ್ನು ಒಟ್ಟಾಗಿ 'ಹಿಂಗಶಾಂಗಿ'ಗಳೆಂಬ ಅರ್ಥದ ಒಪಿಸ್ತೋಕಾಂಟ್ ಎಂಬ ಹೆಸರಿನಿಂದ ಕರೆಯುವುದು ಈ ಕಾರಣಕ್ಕೆ.

ಒಂದು ಬಳಗ ಮೈಸುತ್ತ ಗಾಜಿನ ಬುಟ್ಟಿಯನ್ನೇ ಕಟ್ಟಿಕೊಳ್ಳುತ್ತದೆ. ಸಿಲಿಕದ ಸಣ್ಣ ಸೀಳುಗಳನ್ನು ಕೋಶದೊಳಗೆ ಒಂದೊಂದಾಗಿ ತಯಾರಿಸಿ, ಹೊರಕ್ಕೆ ತಂದು, ತುದಿಗೆ ತುದಿ ಜೋಡಿಸಿ ಹೆಣೆಯುತ್ತದೆ. ಬ್ರಿಟನ್ನಿನ ಬ್ಯಾರಿ ಲೆಡ್‌ಬೀಟರ್ ದಶಕಗಳ ಕಾಲ ಇದನ್ನು ಅಧ್ಯಯನ ಮಾಡಿದರು. ಈ ಬಳಗದ ಹೆಚ್ಚಿನ ಪ್ರಭೇದಗಳಲ್ಲಿ ತಾಯಿಕೋಶ ವಿಭಜನೆಗೆ ಮುಂಚೆಯೇ ಮಗಳಿಗೆ ಬೇಕಾದ ಸೀಳುಗಳನ್ನೆಲ್ಲ ಮಾಡಿ ಕೊರಳಪಟ್ಟಿಯ ಮೇಲ್ತುದಿಯಲ್ಲಿ ಕಟ್ಟು ಕಟ್ಟಿ ಇಟ್ಟಿರುತ್ತದೆ. ಮಗಳು ಆ ಕಟ್ಟನ್ನು ಹೊತ್ತೇ ಹೊರಬಂದು ಕೂಡಲೇ ಬುಟ್ಟಿ ಹೆಣೆದುಕೊಳ್ಳುತ್ತಾಳೆ. ಇನ್ನು ಕೆಲವು ಪ್ರಭೇದಗಳಲ್ಲಿ ಮಗಳು ಬರಿಮೈಯಲ್ಲಿ ಈಜಿ ಹೋಗಿ, ಒಂದೆಡೆ ನೆಲೆ ನಿಂತು, ಆಮೇಲೆ ಸೀಳು ಮಾಡಲು ತೊಡಗುತ್ತಾಳೆ. ನರವಾಗಲಿ ಮಿದುಳಾಗಲಿ ಇಲ್ಲದ ಒಂದೇ ಕೋಶ ಇಷ್ಟು ಕರಾರುವಾಕ್ಕಾದ ಹೆಣಿಗೆ ಮಾಡುವುದನ್ನು ಓದಿದಾಗ, ಮೇದಾರರ ಕೈಕೆಲಸ ನೋಡುತ್ತ ಬೆಳೆದ ನನಗೆ ಗೌರವವೇ ಮೂಡಿತು.

ಈಗ ಆ ಸಿದ್ಧ ಉತ್ತರಕ್ಕೆ ಬರೋಣ. 1860ರ ದಶಕದ ಉತ್ತರಾರ್ಧದಲ್ಲಿ ಅಮೆರಿಕದ ಹೆನ್ರಿ ಜೇಮ್ಸ್-ಕ್ಲಾರ್ಕ್ ಈ ಜೀವಿಗಳನ್ನೂ ಸ್ಪಂಜಿನ ಒಳಕೋಣೆಗಳ ಕೋಶಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಸ್ಪಂಜಿನಲ್ಲೂ ಅದೇ ಕಶಾಂಗ, ಅದೇ ಕೊರಳಪಟ್ಟಿ! ಸ್ಪಂಜು ಎಂದರೆ ಇಂಥ ಏಕಕೋಶ ಜೀವಿಗಳ ಒಕ್ಕೂಟ ಎಂದು ಅವರು ತೀರ್ಮಾನಿಸಿದರು. 1880ರ ದಶಕದ ಆರಂಭದಲ್ಲಿ ವಿಲಿಯಂ ಸೇವಿಲ್-ಕೆಂಟ್ ಅದೇ ವಾದವನ್ನು ಮುಂದುವರಿಸಿದರು. ಸ್ಪಂಜು ಪ್ರಾಣಿಯೇ ಹೊರತು ಒಕ್ಕೂಟವಲ್ಲ ಎಂಬುದು ಆಮೇಲೆ ಖಚಿತವಾಯಿತು, ಆದರೆ ಹೋಲಿಕೆ ಉಳಿಯಿತು. ಅದರಿಂದ ಬೆಳೆದ ಕಥೆ ಸುಂದರವಾದದ್ದು: ಕೊರಳಪಟ್ಟಿಯ ಕೋಶಗಳು ವಿಭಜನೆಯಾದ ಮೇಲೂ ಬೇರಾಗದೆ ಒಂದು ಚೆಂಡಾದವು, ಚೆಂಡಿನ ಕೋಶಗಳು ಕೆಲಸ ಹಂಚಿಕೊಂಡವು, ಹೀಗೆ ಪ್ರಾಣಿ ಹುಟ್ಟಿತು.

ಜೀನೋಮ್ ಓದುವ ತಂತ್ರ ಬಂದ ಮೇಲೆ ನೆಂಟಸ್ತಿಕೆಯ ಬಗ್ಗೆ ಸಂಶಯ ಉಳಿಯಲಿಲ್ಲ. 2008ರಲ್ಲಿ ನಿಕೋಲ್ ಕಿಂಗ್ ಮತ್ತು ಸಂಗಡಿಗರು ಮೊನೋಸೈಗ ಬ್ರೆವಿಕೊಲಿಸ್‌ನ ಜೀನೋಮ್ ಪ್ರಕಟಿಸಿದರು. ಸುಮಾರು 9,200 ಜೀನುಗಳು. ಅವುಗಳಲ್ಲಿ 23 ಜೀನುಗಳು ಕ್ಯಾಡೆರಿನ್ ಬಳಗದವು. ನಮ್ಮ ಚರ್ಮದ ಕೋಶವನ್ನು ಪಕ್ಕದ ಕೋಶಕ್ಕೆ ಅಂಟಿಸಿಡುವ ಪ್ರೋಟೀನುಗಳ ಬಳಗ ಅದು. ಒಂಟಿಯಾಗಿ ಬದುಕುವ ಜೀವಿಗೆ ಅಂಟು ಯಾಕೆ? ಅವುಗಳಲ್ಲಿ ಕೆಲವು ಕೊರಳಪಟ್ಟಿಯಲ್ಲೇ ಇರುವುದು ಕಂಡದ್ದರಿಂದ, ಬ್ಯಾಕ್ಟೀರಿಯಾ ಹಿಡಿಯಲು ನೆರವಾಗುತ್ತಿರಬಹುದೆಂಬ ಊಹೆ ಬಂತು. ಬೇಟೆಗೆಂದು ಇದ್ದ ಅಂಟು ಮುಂದೆ ಮನೆ ಕಟ್ಟಲು ಬಂತು ಎಂಬ ಆ ಊಹೆ ನನಗೆ ಒಪ್ಪಿಗೆಯಾಗುತ್ತದೆ.

ಮೊನೋಸೈಗ ಒಂಟಿ. ಅದರ ನೆಂಟ ಸಾಲ್ಪಿಂಜೀಕ ರೊಸೆಟ್ಟ ಹಾಗಲ್ಲ. ಅಮೆರಿಕದ ವರ್ಜೀನಿಯ ಕರಾವಳಿಯಲ್ಲಿ ಸಿಕ್ಕಿದ ಈ ಜೀವಿ ಒಂದೇ ಬಾಳಿನಲ್ಲಿ ಹಲವು ವೇಷ ತೊಡುತ್ತದೆ: ಬಟ್ಟಲಿನಂಥ ಕವಚದಲ್ಲಿ ನೆಲಕ್ಕೆ ಅಂಟಿಕೊಂಡ ಕೋಶ, ನಿಧಾನ ಈಜುವ ಕೋಶ, ವೇಗವಾಗಿ ಈಜುವ ಕೋಶ, ಸರಪಳಿ, ಮತ್ತು ಗುಲಾಬಿಯಂತೆ ದುಂಡಗಿನ ಗುಂಪು. ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾಗಳನ್ನು ಕಳೆಯಲು ಔಷಧಿ ಹಾಕಿದಾಗ ಗುಂಪು ಕಟ್ಟುವುದೇ ನಿಂತುಹೋಯಿತು. ಕಾರಣ ಹುಡುಕಿದಾಗ ಸಿಕ್ಕಿದ್ದು ಒಂದು ಬ್ಯಾಕ್ಟೀರಿಯಾ ಸ್ರವಿಸುವ ಗಂಧಕಯುಕ್ತ ಕೊಬ್ಬಿನಂಥ ವಸ್ತು. 2012ರಲ್ಲಿ ಇದು ವರದಿಯಾಯಿತು. ಆ ವಸ್ತುವಿನ ಸುಳಿವು ಸಿಕ್ಕರೆ ಸಾಕು, ಕೋಶ ವಿಭಜನೆಯಾದರೂ ಮಕ್ಕಳು ಬೇರೆಯಾಗುವುದಿಲ್ಲ.

ಗುಂಪಿನ ಕೋಶಗಳ ನಡುವೆ ಕೋಶರಸದ ಸಣ್ಣ ಸೇತುವೆಗಳಿವೆ. ಪ್ರಾಣಿಗಳ ವೃಷಣದಲ್ಲಿ ಬೆಳೆಯುತ್ತಿರುವ ವೀರ್ಯಕೋಶಗಳೂ ಇಂಥದೇ ಸೇತುವೆಗಳಿಂದ ಕೂಡಿಕೊಂಡಿರುತ್ತವೆ. 2019ರಲ್ಲಿ ಸಂಶೋಧಕರು ಈ ಗುಂಪುಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕಾಗಿ ತೆಳು ಹೋಳುಗಳನ್ನಾಗಿ ಕತ್ತರಿಸಿ, ಹೋಳುಗಳ ಚಿತ್ರಗಳನ್ನು ಮತ್ತೆ ಒಂದರ ಮೇಲೊಂದು ಜೋಡಿಸಿ ಇಡೀ ಕೋಶಗಳನ್ನು ಮೂರು ಆಯಾಮದಲ್ಲಿ ಕಟ್ಟಿದರು. ಗುಂಪಿನ ಕೋಶಗಳೆಲ್ಲ ಒಂದೇ ಅಚ್ಚಿನವು ಎಂಬ ನಂಬಿಕೆ ಅಲ್ಲಿ ಮುರಿಯಿತು. ಗಾತ್ರದಲ್ಲಿ, ಆಕಾರದಲ್ಲಿ ವ್ಯತ್ಯಾಸವಿತ್ತು. ಮತ್ತೆ ಮತ್ತೆ ಕಂಡ ಎರಡು ಬೇರೆ ಆಕಾರಗಳಿಗೆ ಅವರು ಗಜ್ಜರಿ ಕೋಶ, ಮೆಣಸಿನಕಾಯಿ ಕೋಶ ಎಂದೇ ಹೆಸರಿಟ್ಟರು. ಕೆಲಸ ಹಂಚಿಕೆಯ ಮೊದಲ ಸೂಚನೆ ಇದಾಗಿರಬಹುದು. ಅದು ಖಚಿತವೆಂದು ಹೇಳುವಷ್ಟು ಸಾಕ್ಷ್ಯ ಇನ್ನೂ ಇಲ್ಲ.

ಇದಕ್ಕಿಂತ ನಾಟಕೀಯವಾದದ್ದು ಕೋಯನೀಕ ಫ್ಲೆಕ್ಸ. ಕೆರಿಬಿಯನ್ ದ್ವೀಪ ಕುರಸಾವ್‌ನ ಕಡಲಂಚಿನ ಬಂಡೆಗುಳಿಗಳಲ್ಲಿ ಸಿಕ್ಕಿದ ಇದರ ಕೋಶಗಳು ಕೊರಳಪಟ್ಟಿಗಳ ಮೂಲಕ ಒಂದಕ್ಕೊಂದು ಕೂಡಿ, ಬಾಗಿದ ಹಾಳೆಯಾಗಿರುತ್ತವೆ. ಬೆಳಕಿದ್ದಾಗ ಕಶಾಂಗಗಳು ಬಟ್ಟಲಿನ ಒಳಮೈಗೆ ಇರುತ್ತವೆ. ಬೆಳಕು ಆರಿದ ಕೂಡಲೇ ಇಡೀ ಹಾಳೆ, ಗಾಳಿಗೆ ಕೊಡೆ ಮಗುಚಿದಂತೆ, ಒಳಮೈ ಹೊರಗಾಗಿ ತಿರುಗುತ್ತದೆ. ಒಂದು ಭಂಗಿ ಊಟಕ್ಕೆ ಅನುಕೂಲ, ಇನ್ನೊಂದು ಈಜಿಗೆ. 2019ರಲ್ಲಿ ತಿಬೋ ಬ್ರೂನೆ ಮತ್ತು ಜೊತೆಗಾರರು ತೋರಿಸಿದ ಪ್ರಕಾರ, ಬೆಳಕನ್ನು ಗುರುತಿಸುವುದು ರೊಡಾಪ್ಸಿನ್‌ನಂಥ ಪ್ರೋಟೀನು. ಮಗುಚಲು ಬಲ ಕೊಡುವುದು ಕೋಶದ ನೆತ್ತಿಯ ಬಳಿ ಉಂಗುರದಂತಿರುವ ಆಕ್ಟಿನ್ ಮತ್ತು ಮಯೋಸಿನ್ ಎಳೆಗಳ ಸೆಳೆತ, ನಮ್ಮ ಸ್ನಾಯುವಿನ ಜೋಡಿಯೇ. ಭ್ರೂಣದಲ್ಲಿ ಕೋಶಗಳ ಹಾಳೆ ಬಾಗಿ ಕರುಳಿನ, ನರನಾಳದ ಆಕಾರ ಪಡೆಯುವುದೂ ಹೀಗೆ ಕೋಶದ ಒಂದು ತುದಿ ಕುಗ್ಗುವುದರಿಂದ. ಎರಡು ವರ್ಷಗಳ ನಂತರ ಅದೇ ಬ್ರೂನೆ ಇನ್ನೊಂದು ಸಂಗತಿ ತೋರಿಸಿದರು. ಕೋಯನೋಫ್ಲ್ಯಾಜೆಲೇಟ್ ಕೋಶವನ್ನು ತನ್ನ ದಪ್ಪಕ್ಕಿಂತ ಕಡಿಮೆ ಜಾಗದಲ್ಲಿ ಸಿಕ್ಕಿಸಿದರೆ ಅದು ಕಶಾಂಗವನ್ನು ಒಳಕ್ಕೆಳೆದುಕೊಂಡು, ಅಮೀಬದಂತೆ ಮೈಯುಬ್ಬಿಸುತ್ತ ತೆವಳಿ ಪಾರಾಗುತ್ತದೆ. ಜಾಗ ಸಿಕ್ಕೊಡನೆ ಮತ್ತೆ ಕೊರಳಪಟ್ಟಿ, ಕಶಾಂಗ. ಈಜುವ ಕೋಶವೇ ಬೇರೆ, ತೆವಳುವ ಕೋಶವೇ ಬೇರೆ ಎಂದು ಗೆರೆ ಎಳೆದಿದ್ದ ಹಳೆಯ ವರ್ಗೀಕರಣಕ್ಕೆ ಇಲ್ಲಿ ದೊಡ್ಡ ಪೆಟ್ಟು ಬಿತ್ತು.

ಸಿದ್ಧ ಉತ್ತರಕ್ಕೆ ನೇರ ಸವಾಲೂ ಬಂತು. 2014ರಲ್ಲಿ ಸ್ಯಾಲಿ ಲೇಯ್ಸ್ ಅವರ ತಂಡ ಸಿಹಿನೀರಿನ ಸ್ಪಂಜಿನ ಕೊರಳಪಟ್ಟಿ ಕೋಶವನ್ನೂ ಮೊನೋಸೈಗವನ್ನೂ ವಿವರವಾಗಿ ಹೋಲಿಸಿ, ಕಶಾಂಗದ ಬಡಿತದಲ್ಲೂ ಕೊರಳಪಟ್ಟಿಯ ರಚನೆಯಲ್ಲೂ ಗಮನಾರ್ಹ ವ್ಯತ್ಯಾಸಗಳಿವೆ ಎಂದು ತೋರಿಸಿತು. 2019ರಲ್ಲಿ ಆಸ್ಟ್ರೇಲಿಯದ ತಂಡವೊಂದು ಸ್ಪಂಜಿನ ಬೇರೆ ಬೇರೆ ಬಗೆಯ ಕೋಶಗಳಲ್ಲಿ ಯಾವ ಯಾವ ಜೀನುಗಳು ಕ್ರಿಯಾಶೀಲವಾಗಿವೆ ಎಂದು ನೋಡಿತು. ಕೋಯನೋಫ್ಲ್ಯಾಜೆಲೇಟಿಗೆ ಅತಿ ಹತ್ತಿರವಾಗಬೇಕಿದ್ದದ್ದು ಕೊರಳಪಟ್ಟಿ ಕೋಶ. ಹಾಗಾಗಲಿಲ್ಲ. ಸ್ಪಂಜಿನ ಮೈಯೊಳಗೆ ತೆವಳಾಡುತ್ತ, ಬೇಕಾದಾಗ ಬೇರೆ ಕೋಶವಾಗಿ ಮಾರ್ಪಡುವ ಆರ್ಕಿಯೋಸೈಟುಗಳೇ ಏಕಕೋಶ ನೆಂಟರಿಗೆ ಹೆಚ್ಚು ಹೋಲಿದವು. ಇದರಿಂದ ಕೊರಳಪಟ್ಟಿಯ ಹೋಲಿಕೆ ಬರಿಯ ಕಾಕತಾಳೀಯ ಎನ್ನುವವರಿದ್ದಾರೆ. ನಾನು ಅಷ್ಟು ದೂರ ಹೋಗಲಾರೆ. ಆಕ್ಟಿನ್ ಕಡ್ಡಿಗಳ ವೃತ್ತ, ಮಧ್ಯೆ ಒಂದು ಕಶಾಂಗ, ಎರಡೂ ಸೇರಿ ಸೋಸುವ ಕೆಲಸ ಇವೆಲ್ಲ ಒಟ್ಟಿಗೆ ಎರಡು ಸಲ ಸ್ವತಂತ್ರವಾಗಿ ಹುಟ್ಟಿದವು ಎಂದು ಒಪ್ಪುವುದು ಕಷ್ಟ. ಆ ಉಪಕರಣ ಪೂರ್ವಜನಿಗೆ ಇತ್ತು ಎನ್ನುವುದು ಸರಿ. ಪೂರ್ವಜ ಯಾವಾಗಲೂ ಅದೊಂದೇ ರೂಪದಲ್ಲಿ ಇದ್ದ ಎನ್ನುವುದಕ್ಕೆ ಆಧಾರವಿಲ್ಲ.

ಇದಕ್ಕೆ ಬಲವಾದ ಸಾಕ್ಷಿ ಉಳಿದ ದಾಯಾದಿಗಳಿಂದ ಬರುತ್ತದೆ. ಫಿಲಾಸ್ಟೀರಿಯ ಗುಂಪಿನ ಕ್ಯಾಪ್ಸಸ್ಪೋರ ಓವ್ಚಾರ್ಜಾಕಿ ಮೊದಲು ಸಿಕ್ಕಿದ್ದು ಬಯೋಂಫಲೇರಿಯ ಗ್ಲಬ್ರಾಟ ಎಂಬ ಸಿಹಿನೀರಿನ ಬಸವನಹುಳುವಿನ ರಕ್ತದಲ್ಲಿ. ಮನುಷ್ಯರಿಗೆ ಶಿಸ್ಟೊಸೋಮ ರೋಗ ತರುವ ಪರೋಪಜೀವಿ ಹುಳುವಿಗೆ ಆಶ್ರಯ ಕೊಡುವ ಬಸವನಹುಳು ಅದು. ಕ್ಯಾಪ್ಸಸ್ಪೋರ ಆ ಪರೋಪಜೀವಿಯ ಎಳೆಯ ಹಂತವನ್ನು ಕೊಲ್ಲಬಲ್ಲದು ಎಂಬುದೇ ಮೊದಲು ಗಮನ ಸೆಳೆದ ಸಂಗತಿ. ಇದಕ್ಕೆ ಕೊರಳಪಟ್ಟಿಯಿಲ್ಲ, ಕಶಾಂಗವೂ ಇಲ್ಲ. ದುಂಡು ಮೈಯಿಂದ ಎಲ್ಲ ಕಡೆಗೂ ಕೂದಲೆಳೆಯಂಥ ಫಿಲೊಪೋಡಿಯಗಳು ಚಾಚಿರುತ್ತವೆ. ಅವುಗಳೊಳಗೂ ಆಕ್ಟಿನ್ ಕಂತೆಯೇ. ಆಹಾರ ಮುಗಿದಾಗ ಎಳೆಗಳನ್ನೆಲ್ಲ ಒಳಗೆ ಸೆಳೆದು ಗಟ್ಟಿ ಕವಚದ ಕೋಶವಾಗುತ್ತದೆ. ಬೇರೊಂದು ಸಂದರ್ಭದಲ್ಲಿ ಹಲವು ಕೋಶಗಳು ಹತ್ತಿರ ಬಂದು, ನಡುವೆ ಅಂಟುದ್ರವ್ಯ ಸ್ರವಿಸಿ ಗುಂಪಾಗುತ್ತವೆ. ಜೀನೋಮಿನಲ್ಲಿ ಇಂಟೆಗ್ರಿನ್ ಎಂಬ ಪ್ರೋಟೀನು ಮತ್ತು ಅದರ ಸಹಾಯಕರು ಬಹುಪಾಲು ಸಿಕ್ಕಿದರು. ಪ್ರಾಣಿಕೋಶ ತನ್ನ ಸುತ್ತಲಿನ ಹಂದರಕ್ಕೆ ಕೈ ಊರಿ ನಿಲ್ಲುವುದು ಇಂಟೆಗ್ರಿನ್ ಮೂಲಕ. ಆದರೆ ನಮಗೆ ಹೆಚ್ಚು ಹತ್ತಿರದ ಕೋಯನೋಫ್ಲ್ಯಾಜೆಲೇಟುಗಳಲ್ಲಿ ಈ ವ್ಯವಸ್ಥೆ ಕಳೆದುಹೋಗಿದೆ. ಪಕ್ಕದ ಮನೆಯವರು ಕಳೆದುಕೊಂಡ ಹಳೆಯ ಪಾತ್ರೆ ಆಚೆ ಬೀದಿಯ ನೆಂಟರ ಅಟ್ಟದಲ್ಲಿ ಸಿಕ್ಕಿದ ಹಾಗೆ. ಹತ್ತಿರದ ಒಬ್ಬರನ್ನೇ ವಿಚಾರಿಸಿದ್ದರೆ ಮನೆತನದ ಆಸ್ತಿಪಟ್ಟಿ ತಪ್ಪಾಗುತ್ತಿತ್ತು.

2017ರಲ್ಲಿ ವಿಯೆಟ್ನಾಂ ಮತ್ತು ಚಿಲಿಯ ಸಿಹಿನೀರಿನಿಂದ ಹೊಸ ಬೇಟೆಗಾರ ನೆಂಟರು ಬೆಳಕಿಗೆ ಬಂದರು: ಪಿಗೊರ್‍ಯಾಪ್ಟರ್ ಮತ್ತು ಸಿಸೊಮೊನಾಸ್. ಇವು ಕಶಾಂಗದಿಂದ ಈಜುತ್ತವೆ, ಅಮೀಬದಂತಾಗುತ್ತವೆ, ಗುಂಪಾಗುತ್ತವೆ, ಬ್ಯಾಕ್ಟೀರಿಯಾ ಬಿಟ್ಟು ತಮ್ಮಷ್ಟೇ ದೊಡ್ಡ ಕೋಶಗಳನ್ನು ತಿನ್ನುತ್ತವೆ. ಪೂರ್ವಜ ಬರಿಯ ನೀರು ಸೋಸುವವನೇ ಆಗಿದ್ದನೆಂಬ ಊಹೆಯನ್ನು ಇವು ಸಡಿಲಿಸಿವೆ.

ಇಕ್ತಿಯೋಸ್ಪೋರಿಯಗಳ ದಾರಿಯೇ ಬೇರೆ. ಗೋಡೆ ಕಟ್ಟಿದ ದುಂಡು ಕೋಶದೊಳಗೆ ಕೋಶಕೇಂದ್ರ ಎರಡು, ನಾಲ್ಕು, ಎಂಟು, ಹದಿನಾರು ಎಂದು ಹೆಚ್ಚುತ್ತ ಹೋಗುತ್ತದೆ, ಕೋಶ ಮಾತ್ರ ಒಂದೇ. ಕೊನೆಗೆ ಒಂದು ಹೊತ್ತಿನಲ್ಲಿ ಪ್ರತಿ ಕೋಶಕೇಂದ್ರದ ಸುತ್ತಲೂ ಪೊರೆ ಇಳಿದು ನೂರಾರು ಮರಿಕೋಶಗಳಾಗಿ ಹೊರಚೆಲ್ಲುತ್ತವೆ. ಆರ್ಕ್ಟಿಕ್ ಸಮುದ್ರದ ಸ್ಫೀರೋಫಾರ್ಮ ಆರ್ಕ್ಟಿಕದಲ್ಲಿ ಹೀಗೆ ಪೊರೆ ಇಳಿದ ಮೇಲೆ, ಮರಿಕೋಶಗಳು ಹೊರಚೆಲ್ಲುವ ಮುನ್ನ, ಕೋಶಗಳು ಒತ್ತಾಗಿ ಜೋಡಿಸಿದ ಹಾಳೆಯ ಹಂತವೊಂದು ಬರುತ್ತದೆ, ಅದಕ್ಕೂ ಆಕ್ಟಿನ್ ಮತ್ತು ಮಯೋಸಿನ್ ಬೇಕು ಎಂದು 2019ರಲ್ಲಿ ಒಮಾಯಾ ಡುಡಿನ್ ಮತ್ತಿತರರು ತೋರಿಸಿದರು. ಹಣ್ಣುನೊಣದ ಮೊಟ್ಟೆ ಬೆಳೆಯುವ ಬಗೆಯನ್ನು ಓದಿದವರಿಗೆ ಇದು ತೀರ ಪರಿಚಿತ ಎನಿಸುತ್ತದೆ.

ಈ ಗುಂಪಿನಲ್ಲಿ ನಮ್ಮ ನಾಡಿನ ವೈದ್ಯರು ಬಲ್ಲ ಒಂದು ಜೀವಿಯೂ ಇದೆ. ದಕ್ಷಿಣ ಭಾರತ ಮತ್ತು ಶ್ರೀಲಂಕಾದಲ್ಲಿ ಕೆರೆಕುಂಟೆಗಳಲ್ಲಿ ಮೀಯುವವರ ಮೂಗಿನಲ್ಲಿ ಹಿಪ್ಪುನೇರಳೆ ಹಣ್ಣಿನಂಥ ಕೆಂಪು ಗಂಟು ಬೆಳೆಯುವುದುಂಟು. ಸುಲಭವಾಗಿ ರಕ್ತ ಒಸರುವ ಆ ಗಂಟಿನ ಮೇಲೆ ಬಿಳಿ ಚುಕ್ಕೆಗಳು ಬರಿಗಣ್ಣಿಗೇ ಕಾಣುತ್ತವೆ. ಒಂದೊಂದು ಚುಕ್ಕೆಯೂ ಸಾವಿರಾರು ಬೀಜಾಣು ತುಂಬಿದ ರೈನೋಸ್ಪೊರಿಡಿಯಮ್ ಸೀಬೆರಿಯ ಚೀಲ. ಬಹುಕಾಲ ಇದನ್ನು ಶಿಲೀಂಧ್ರವೆಂದೇ ಹೆಚ್ಚಿನವರು ಭಾವಿಸಿದ್ದರು. 1999ರ ಸುಮಾರಿಗೆ ಅದರ ಆರ್‌ಎನ್‌ಎ ಜೀನನ್ನು ಓದಿದಾಗ ಅದು ಮೀನಿನ ರೋಗಗಳನ್ನು ತರುವ ಇಕ್ತಿಯೋಸ್ಪೋರಿಯಗಳ ಬಳಗಕ್ಕೆ ಸೇರಿತು. ಶಿಲೀಂಧ್ರನಾಶಕ ಔಷಧಿಗಳು ಇದಕ್ಕೆ ನಾಟದೆ, ಶಸ್ತ್ರಕ್ರಿಯೆಯಿಂದ ಕಿತ್ತು ಬುಡವನ್ನು ಸುಡುವುದೇ ಮುಖ್ಯ ಚಿಕಿತ್ಸೆಯಾಗಿ ಉಳಿದಿದ್ದೇಕೆ ಎಂಬುದು ಇದರಿಂದ ಸ್ವಲ್ಪ ತಿಳಿಯಾಗುತ್ತದೆ.

2024 ಈ ಕ್ಷೇತ್ರಕ್ಕೆ ಸಮೃದ್ಧ ವರ್ಷ. ಹವಾಯಿಯ ಕಡಲ ಕೆಸರಿನಿಂದ ಬಂದ ಕ್ರೋಮೊಸ್ಫೀರ ಪರ್ಕಿನ್ಸೈ ಎಂಬ ಇಕ್ತಿಯೋಸ್ಪೋರಿಯ ತನ್ನ ಬಳಗದ ರೂಢಿಯನ್ನು ಬಿಟ್ಟು, ಬೆಳೆದು ದೊಡ್ಡದಾದ ಮೇಲೆ ಗಾತ್ರ ಹೆಚ್ಚಿಸದೆ ಒಂದನ್ನು ಎರಡಾಗಿ, ಎರಡನ್ನು ನಾಲ್ಕಾಗಿ ಸೀಳಿಕೊಳ್ಳುತ್ತದೆ. ಪ್ರಾಣಿಯ ಫಲಿತ ಮೊಟ್ಟೆ ಮಾಡುವುದೂ ಇದನ್ನೇ. ಸಿಗುವ ಗುಂಪಿನಲ್ಲಿ ಕನಿಷ್ಠ ಎರಡು ಬಗೆಯ ಕೋಶಗಳಿವೆ. ಅದೇ ವರ್ಷ ಜರ್ಮನಿಯ ಗೌತಮ್ ಡೇ ಮತ್ತು ಡುಡಿನ್ ತಂಡಗಳು ಕೋಶವಿಭಜನೆಯ ಯಂತ್ರವನ್ನು ಪರೀಕ್ಷಿಸಿದವು. ಒಂದೇ ಕೋಶದೊಳಗೆ ಹಲವು ಕೋಶಕೇಂದ್ರ ಇಟ್ಟುಕೊಳ್ಳುವ ಸ್ಫೀರೋಫಾರ್ಮದಲ್ಲಿ ಕೋಶಕೇಂದ್ರದ ಪೊರೆ ಒಡೆಯದೆ, ಶಿಲೀಂಧ್ರಗಳಲ್ಲಿನಂತೆ ಒಳಗೊಳಗೇ ವರ್ಣತಂತುಗಳು ಬೇರಾಗುತ್ತವೆ. ಕ್ರೋಮೊಸ್ಫೀರದಲ್ಲಿ ನಮ್ಮ ಕೋಶಗಳಂತೆ ಪೊರೆ ಕರಗಿ ವಿಭಜನೆ ನಡೆಯುತ್ತದೆ. ಹಲವು ಕೋಶಕೇಂದ್ರಗಳಿರುವಲ್ಲಿ ಪೊರೆ ತೆರೆದರೆ ಒಂದರ ವರ್ಣತಂತು ಇನ್ನೊಂದಕ್ಕೆ ಬೆರೆಯುವ ಅಪಾಯ. ಹಾಗಾಗಿ ಬಾಳಿನ ಕ್ರಮವೇ ವಿಭಜನೆಯ ಕ್ರಮವನ್ನು ತೀರ್ಮಾನಿಸಿದೆ. ಈ ಒಂದು ತಿಳಿವಳಿಕೆ ನನ್ನ ಮಟ್ಟಿಗೆ ಹತ್ತು ಜೀನೋಮುಗಳಿಗೆ ಸಮ.

ಇಷ್ಟೆಲ್ಲ ನೋಡಿದ ಮೇಲೆ ನನಗೆ ಕಾಣುವ ಪೂರ್ವಜ ಪಠ್ಯಪುಸ್ತಕದ ಆ ಒಂಟಿ ಚಿತ್ರವಲ್ಲ. ಸಂದರ್ಭಕ್ಕೆ ತಕ್ಕಂತೆ ಕಶಾಂಗ ಬೀಸಿ ಈಜುತ್ತಿದ್ದ, ಇಕ್ಕಟ್ಟಿನಲ್ಲಿ ತೆವಳುತ್ತಿದ್ದ, ಬರಗಾಲದಲ್ಲಿ ಕವಚ ತೊಡುತ್ತಿದ್ದ, ಕೆಲವೊಮ್ಮೆ ಗುಂಪಾಗುತ್ತಿದ್ದ ಕೋಶ ಅದು. ಒಂದರ ನಂತರ ಒಂದಾಗಿ ತೊಡುತ್ತಿದ್ದ ಆ ವೇಷಗಳನ್ನು ಒಂದೇ ಹೊತ್ತಿನಲ್ಲಿ ಬೇರೆ ಬೇರೆ ಕೋಶಗಳಿಗೆ ಹಂಚಿದ್ದು ಪ್ರಾಣಿ. ಈ ವಿಚಾರವನ್ನು 1949ರಷ್ಟು ಹಿಂದೆಯೇ ರಷ್ಯದ ಅಲೆಕ್ಸೈ ಜಾಖ್ವಾತ್ಕಿನ್ ಬೇರೊಂದು ರೀತಿಯಲ್ಲಿ ಮುಂದಿಟ್ಟಿದ್ದರು. ಅದಕ್ಕೆ ಬೇಕಾದ ಕೋಶಸಾಕ್ಷ್ಯ ಸಿಗುತ್ತಿರುವುದು ಈಗ. ನಮ್ಮ ಕರುಳಿನ ಒಳಮೈಯ ಮೈಕ್ರೋವಿಲ್ಲೈ, ಒಳಗಿವಿಯಲ್ಲಿ ಸದ್ದಿಗೆ ಬಾಗುವ ಆಕ್ಟಿನ್ ಕಡ್ಡಿಗಳು, ಗಾಯದತ್ತ ತೆವಳುವ ಬಿಳಿ ರಕ್ತಕಣ ಇವೆಲ್ಲ ಆ ಹಳೆಯ ಆಸ್ತಿಯ ಪಾಲುಗಳು.

ಈ ಸಂಶೋಧನೆಯಲ್ಲಿ ಭಾರತದ ನೀರಿಗೂ ಒಂದು ಸ್ಥಾನವಿದೆ, ಅದು ಕಡಿಮೆ ಜನರಿಗೆ ಗೊತ್ತು. ನಾಲ್ಕನೆಯ ಗುಂಪಿನ ಕೊರಲೋಕೈಟ್ರಿಯಮ್ ಲಿಮಾಸಿಸ್ಪೋರಮ್ ಅನ್ನು ಲಕ್ಷದ್ವೀಪದ ಹವಳದಿಬ್ಬಗಳ ಹಿನ್ನೀರಿನಲ್ಲಿ ಕಂಡು 1987ರಲ್ಲಿ ವಿವರಿಸಿದವರು ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ಶೇಷಗಿರಿ ರಘುಕುಮಾರ್. ಗೊಂಡೆಹುಳುವಿನಂತೆ ತೆವಳುವ ಅದರ ಬೀಜಾಣುಗಳನ್ನು ನೋಡಿ ಆ ಹೆಸರು ಬಂತು. ಆಗ ಅದನ್ನು ಶಿಲೀಂಧ್ರದಂತೆ ಕಾಣುವ ಬೇರೊಂದು ಕುಲಕ್ಕೆ ಸೇರಿಸಲಾಗಿತ್ತು. ಪ್ರಾಣಿಗಳ ದಾಯಾದಿ ಎಂಬುದು 1990ರ ದಶಕದಲ್ಲಿ ತಿಳಿಯಿತು. ಇಂದು ಅದನ್ನು ಜಗತ್ತಿನ ಪ್ರಯೋಗಾಲಯಗಳು ಬೆಳೆಸುತ್ತಿವೆ, ಅದಕ್ಕೆ ಹೊರಗಿನ ಜೀನುಗಳನ್ನು ಸೇರಿಸುತ್ತಿವೆ.

ಕಾಲೇಜುಗಳಲ್ಲಿ ಜೀವಶಾಸ್ತ್ರ ಕಲಿಸುವವರಲ್ಲಿ ನನ್ನದೊಂದು ಕೋರಿಕೆ. ಅಮೀಬ, ಪ್ಯಾರಮೀಸಿಯಂ ತೋರಿಸಿದ ದಿನವೇ ಇವುಗಳನ್ನೂ ಹುಡುಕಿ. ಕೆರೆಯ ನೀರಿಗೆ ಬೇಯಿಸಿದ ಒಂದೆರಡು ಗೋಧಿ ಕಾಳು ಹಾಕಿ ಕೆಲವು ದಿನ ಬಿಟ್ಟರೆ ಬ್ಯಾಕ್ಟೀರಿಯಾ ಹೆಚ್ಚುತ್ತವೆ, ಅವನ್ನು ತಿನ್ನುವವೂ ಬರುತ್ತವೆ. ನೀರಿನಲ್ಲಿ ಇಳಿಬಿಟ್ಟ ಗಾಜಿನ ಪಟ್ಟಿಗೆ ತೊಟ್ಟಿನ ಮೇಲೆ ನಿಂತು ಅಂಟಿಕೊಳ್ಳುವ ಸಣ್ಣ ಕೋಶಗಳನ್ನು 400 ಪಟ್ಟು ಹಿಗ್ಗಿಸಿ ನೋಡಿ. ಸಾಮಾನ್ಯ ಬೆಳಕಿನಲ್ಲಿ ಕೊರಳಪಟ್ಟಿ ಕಾಣುವುದು ಕಷ್ಟ. ಫೇಸ್ ಕಾಂಟ್ರಾಸ್ಟ್ ಸೂಕ್ಷ್ಮದರ್ಶಕವಿದ್ದರೆ ಕಶಾಂಗದ ಎರಡು ಪಕ್ಕದಲ್ಲಿ ಎರಡು ತೆಳು ಗೆರೆಗಳಾಗಿ ಅದು ಕಾಣಿಸುತ್ತದೆ.